ಪಾಚಿಯ ಕಡತ ಬರೆಯುವವರು

ಬೆಂಗಳೂರಿನ ಕೆಂಗೇರಿ ಕೆರೆಯ ನೀರು ಹಸಿರಾಗುವುದು ಬಹುಮಟ್ಟಿಗೆ ಬರಿಗಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳಿಂದ. ಆ ಬಳಗದ ಕ್ಲಮೈಡೊಮೊನಾಸ್ ಎಂಬ ಏಕಕೋಶ ಜೀವಿಯ ಜೀನೋಮ್ 2007ರಲ್ಲಿ ಪ್ರಕಟವಾಯಿತು: ಸುಮಾರು 12 ಕೋಟಿ ಡಿಎನ್‌ಎ ಅಕ್ಷರ, 15 ಸಾವಿರಕ್ಕೂ ಹೆಚ್ಚು ಜೀನ್. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದೆ-ಮುಂದೆ ನಡೆಯುವ ಕೆಲಸ. ಓದಿದ ಡಿಎನ್‌ಎ ತುಣುಕುಗಳನ್ನು ಜೋಡಿಸಬೇಕು, ಜೊತೆಗೆ ನುಸುಳಿದ ಬ್ಯಾಕ್ಟೀರಿಯಾದ ಡಿಎನ್‌ಎ ಸೋಸಬೇಕು, ಒಂದೊಂದು ಜೀನೂ ಎಲ್ಲಿ ಶುರು, ಎಲ್ಲಿ ಕೊನೆ, ಅದರ ಕೆಲಸವೇನು ಎಂದು ಗುರುತು ಹಾಕಬೇಕು. ಹೊಸ ಪುರಾವೆ ಸಿಕ್ಕರೆ ಹಳೆಯ ಗುರುತನ್ನು ತಿದ್ದಬೇಕು. ಎಂಥ ತಾಳ್ಮೆ! 1982ರಲ್ಲಿ ಶುರುವಾದ ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ಮಾಹಿತಿ ಭಂಡಾರ ಇಂಥ ದಾಖಲೆಗಳನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ವೃಷಭಾವತಿ ನದಿ ದಂಡೆಯ ವಿದ್ಯಾರ್ಥಿಯೂ ತನ್ನ ಮಾದರಿಯನ್ನು ಹೋಲಿಸಿ ನೋಡಬಹುದು. ಜೀವಶಾಸ್ತ್ರ ಓದುವವರೇ, ನಮ್ಮ ಕೆರೆಗಳ ಪಾಚಿಯನ್ನೂ ಅಲ್ಲಿ ದಾಖಲಿಸಿ. ಮಾದರಿ ತೆಗೆದ ಜಾಗ, ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ.