ಮೈಯಳತೆಯ ಬೋಗುಣಿ

ಹಾವು ನೀರು ಕುಡಿಯುವುದನ್ನು ಹತ್ತಿರದಿಂದ ನೋಡಲು ಸಿಗುವುದು ಅಪರೂಪ. ಅದು ನಾಲಿಗೆ ಚಾಚಿ ನೆಕ್ಕುವುದಿಲ್ಲ. ಮೂತಿಯ ತುದಿಯನ್ನು ನೀರಿಗೆ ತಾಕಿಸಿ ಅಲುಗದೆ ನಿಲ್ಲುತ್ತದೆ. ಬಾಯಿ ತೆರೆದದ್ದೇ ಗೊತ್ತಾಗದು. ದವಡೆಯ ಇಕ್ಕೆಲದಲ್ಲಿ ಮಾತ್ರ ಒಂದು ಸಣ್ಣ ಮಿಡಿತ. ಬಾಯೊಳಗಿನ ಮೆತ್ತನೆಯ ಮಡಿಕೆಗಳು ಸ್ಪಂಜಿನಂತೆ ನೀರು ಹೀರಿಕೊಳ್ಳುತ್ತವೆ, ಸ್ನಾಯುಗಳು ಅದನ್ನು ಹಿಂಡಿ ಗಂಟಲಿಗೆ ಇಳಿಸುತ್ತವೆ. ಇಷ್ಟು ನಯವಾಗಿ ಕುಡಿಯುವ ಜೀವಕ್ಕೆ ನೀರಿಡುವ ಪಾತ್ರೆಯನ್ನೂ ಅಷ್ಟೇ ನಯವಾಗಿ ಆರಿಸಬೇಕು.

ನಮ್ಮ ನಾಗರ, ಕೇರೆ, ಮಣ್ಣುಮುಕ್ಕಗಳನ್ನು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. ಅವು ಹೊಲದ ಬದುವಿನಲ್ಲೇ ಇರತಕ್ಕವು. ಬೋಗುಣಿಯ ಮಾತು ಬರುವುದು ಮೃಗಾಲಯದ ಹಾವಿಗೆ, ಇಲ್ಲವೇ ಕಾನೂನಿನಂತೆ ಸಾಕಿದ ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್‌ಗಳಿಗೆ. ಬೋಗುಣಿಯ ಅಗಲವನ್ನು ಹಾವಿನ ಮೈಯಿಂದಲೇ ಅಳೆಯಬೇಕು. ಸುರುಳಿ ಸುತ್ತಿ ಕೂತ ಹಾವಿಗಿಂತ ಪಾತ್ರೆ ತುಸು ಅಗಲವಿದ್ದರೆ, ಪೊರೆ ಬಿಡುವ ಹೊತ್ತಿಗೆ ಅದು ಒಳಗಿಳಿದು ಮೈ ನೆನೆಸಿಕೊಳ್ಳುತ್ತದೆ. ನೀರು ಅರ್ಧದಷ್ಟಿದ್ದರೆ ಸಾಕು. ಹಾವು ಒಳಗಿಳಿದಾಗ ನೀರು ಮೇಲೇರುತ್ತದೆ, ಪಾತ್ರೆ ತುಂಬಿದ್ದರೆ ಹೊರಚೆಲ್ಲುತ್ತದೆ. ತಳ ಭಾರವಾಗಿರಬೇಕು, ಏಕೆಂದರೆ ಹಾವು ಅಂಚಿನಡಿ ತಲೆ ತೂರಿಸಿ ಪಾತ್ರೆಯನ್ನು ಎತ್ತಿಬಿಡುತ್ತದೆ. ಮರಿಗೆ ಆಳವಿಲ್ಲದ, ಅಂಚು ತರಿಯಾಗಿರುವ ಪಾತ್ರೆಯೇ ಲೇಸು.

ಅಗಲದ ಇನ್ನೊಂದು ಗುಣ ಕಣ್ಣಿಗೆ ಕಾಣುವುದಿಲ್ಲ. ಬಾಯಿಯ ಅಗಲ ಎರಡು ಪಟ್ಟಾದರೆ ಗಾಳಿಗೆ ಒಡ್ಡಿದ ನೀರಿನ ಮೈ ನಾಲ್ಕು ಪಟ್ಟಾಗುತ್ತದೆ. ಆರುವ ನೀರೂ ಹೆಚ್ಚುತ್ತದೆ, ಗೂಡಿನೊಳಗಿನ ತೇವವೂ ಏರುತ್ತದೆ. ಬೆಚ್ಚನೆಯ ಮೂಲೆಯಲ್ಲಿಟ್ಟರೆ ಇನ್ನೂ ಬೇಗ. ಒಣನಾಡಿನ ಹಾವಿಗೆ ಈ ತೇವ ಮಿತಿಮೀರಿದರೆ ಹೊಟ್ಟೆಯಡಿಯ ಹುರುಪೆ ಕೊಳೆಯುತ್ತದೆ. ತೇವ ಬೇಡುವ ಹಾವಿಗೆ ಬಿಸಿಲುನಾಡಿನಲ್ಲಿ ಅದೇ ಅಗಲ ವರವಾಗುತ್ತದೆ. ಹಾವು ನೀರನ್ನು ಹೊಲಸು ಮಾಡುವುದೂ ಉಂಟು. ದಿನಾ ತೊಳೆದು ತುಂಬಲು ಹೊಳಪು ಲೇಪದ ಪಿಂಗಾಣಿ ಅನುಕೂಲ.

ಇಂಥ ಅಳತೆಯ ಚೆಲುವನ್ನು ಕಲಿಯುವುದಕ್ಕೆ ವಿಜಯಪುರಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಇದು ಮಳೆ ಕಡಿಮೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಾಡು. ಆದಿಲ್‌ಶಾಹಿ ಸುಲ್ತಾನರು ಇಲ್ಲಿ ನೀರಿಗೆ ಬೇಕಾದ ಪಾತ್ರೆಗಳನ್ನು ಕಲ್ಲಿನಲ್ಲೇ ಕಟ್ಟಿದರು. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ ಎಂಬ ಬಾವಿಗಳೆರಡರಲ್ಲೂ ಮೆಟ್ಟಿಲುಗಳು ನೀರಿನ ಜೊತೆಯಲ್ಲೇ ಇಳಿಯುತ್ತವೆ. ಸುಗ್ಗಿಯಲ್ಲಿ ಮೇಲಿನ ಮೆಟ್ಟಿಲು, ಕಡುಬೇಸಿಗೆಯಲ್ಲಿ ಕೆಳಗಿನ ಮೆಟ್ಟಿಲು: ನೀರು ಎಷ್ಟೇ ಇಳಿದರೂ ಬಂದವರ ಕೈಗೆ ಎಟುಕುತ್ತಿತ್ತು. ಬೇಗಂ ತಲಾಬ್ ಎಂಬ ಕೆರೆಯಿಂದ ಕೊಳವೆಗಳಲ್ಲಿ ಬರುತ್ತಿದ್ದ ನೀರಿಗೆ ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದರು; ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ತಳ ಸೇರುತ್ತಿತ್ತು. ಬಬಲೇಶ್ವರ ತಾಲ್ಲೂಕಿನ ಮಮದಾಪುರಕ್ಕೆ ಹೋದರೆ ಅದೇ ಕಾಲದ ಕೆರೆ ಬಯಲಿನಷ್ಟು ಹರಡಿ ಮಲಗಿದೆ. ಕೊಳವೆಯ ನೀರಿಗೆ ಗಂಜ್, ಊರಿನ ಬಿಂದಿಗೆಗೆ ಬಾವಡಿ, ಹೊಲಕ್ಕೆ ಕೆರೆ. ಒಂದರ ಅಳತೆ ಇನ್ನೊಂದಕ್ಕೆ ಒಗ್ಗದು.

ತಿಕೋಟಾದ ದ್ರಾಕ್ಷಿ ತೋಟಗಳ ನಡುವೆ ಇಂದು ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳಿವೆ. ಬರದ ನಾಡಿನಲ್ಲಿ ಬಳ್ಳಿಯನ್ನು ಉಳಿಸಿದ ನೀರು ಅದು. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನುಣುಪಾದ ಆ ಇಳಿಜಾರಿನಲ್ಲಿ ಜಾರಿದ ಹಾವೋ ಉಡವೋ ಮೇಲೆ ಹತ್ತಿ ಬರುವುದು ಕಷ್ಟ. ಅಂಚಿನಿಂದ ನೀರಿನವರೆಗೆ ಒಂದು ಒರಟು ಗೋಣಿತಟ್ಟನ್ನು ಬಿಗಿಯಾಗಿ ಕಟ್ಟಿ ಇಳಿಬಿಟ್ಟರೆ, ಬಾವಡಿಯ ಮೆಟ್ಟಿಲು ಮಾಡುವ ಕೆಲಸವನ್ನು ಅದು ಮಾಡುತ್ತದೆ. ಇಲಿ ಹಿಡಿದು ತೋಟ ಕಾಯುವ ಕೇರೆಹಾವಿಗೆ ರೈತ ಕೊಡಬಹುದಾದ ಕೂಲಿ ಅದಕ್ಕಿಂತ ಬೇರೆ ಬೇಕಿಲ್ಲ.

ಚೈತ್ರದ ಬಿಸಿಲಿಗೆ ಬದುವಿನಲ್ಲಿ ನೀರಿಡುವ ಮನಸ್ಸಿದ್ದವರು ಕುಂಬಾರರಲ್ಲಿ ಅಗಲ ಬಾಯಿಯ, ಗೇಣಿಗಿಂತ ಕಡಿಮೆ ಆಳದ, ದಪ್ಪ ತಳದ ಮಣ್ಣಿನ ಪಾತ್ರೆಯನ್ನು ಕೇಳಿ ತರಬೇಕು. ಸುಟ್ಟ ಮಣ್ಣು ಸಣ್ಣಗೆ ಜಿನುಗಿ ನೀರನ್ನು ತಣ್ಣಗಿಡುತ್ತದೆ. ನಡುವೆ ಒಂದು ಕಲ್ಲಿಟ್ಟರೆ ಜೇನು, ಗುಬ್ಬಿಗಳಿಗೂ ನಿಲ್ಲಲು ನೆಲೆ. ಮನೆಯಿಂದ ದೂರ, ಬೇಲಿಯ ನೆರಳಿನಲ್ಲಿ ಇಟ್ಟರೆ ಮನುಷ್ಯರಿಗೂ ಹಾವಿಗೂ ಕ್ಷೇಮ. ಕುಂಬಾರರ ತಿಗರಿಯ ಮೇಲೆ ಎಷ್ಟೋ ಚೆಂದದ ಆಕಾರಗಳು ಏಳುತ್ತವೆ. ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಂದ, ಕುಡಿಯುವ ಜೀವ ಯಾವುದು, ಅದರ ಮೈ ಎಷ್ಟು ಎಂದು ಮೊದಲು ಕೇಳಿಕೊಂಡು ಆಮೇಲೆ ಆಕಾರ ತಳೆದ ಪಾತ್ರೆ.