ಹಸುರು ದೈತ್ಯನಿಗೆ ಹಳದಿ ಮೈ

ಬಣ್ಣವನ್ನು ನಮ್ಮ ಭಾಷೆ ಪೂರ್ತಿಯಾಗಿ ನಂಬಿದಂತೆ ತೋರುವುದಿಲ್ಲ. ‘ವರ್ಣ’ದ ತದ್ಭವವಾದ ಈ ಮಾತಿನಿಂದಲೇ ‘ಬಣ್ಣಿಸು’ ಎಂಬ ಗೌರವದ ಕ್ರಿಯಾಪದ ಹುಟ್ಟಿತು. ಕವಿಗಳಿಗೆ ಅದೇ ಕಸುಬೂ ಆಯಿತು. ಆದರೆ ‘ಬಣ್ಣದ ಮಾತು’ ಎಂದೊಡನೆ ಕೇಳುವವನು ಎಚ್ಚರಗೊಳ್ಳುತ್ತಾನೆ. ‘ಬಣ್ಣ ಬಯಲಾಯಿತು’ ಎಂದರೆ ಯಾರದೋ ಮೋಸ ಹೊರಬಿತ್ತೆಂದೇ ಅರ್ಥ. ಬಣ್ಣ ಒಂದು ವಸ್ತುವಿನ ಗುಣವನ್ನು ತೋರಿಸುತ್ತದೆಯೋ, ಮುಚ್ಚುತ್ತದೆಯೋ? ಕಾವ್ಯವಿಮರ್ಶೆಯ ಈ ಹಳೆಯ ಪ್ರಶ್ನೆಯನ್ನು ಇಂದು ಒಂದು ಆಟಿಕೆಯ ನೆವದಿಂದ ಕೇಳಬೇಕೆಂದಿದ್ದೇನೆ.

ಆಟಿಕೆಯನ್ನು ಸಾಹಿತ್ಯದ ಪುಟಕ್ಕೆ ತರುವುದು ಹಗುರವೆಂದು ವಾಚಕರಲ್ಲಿ ಕೆಲವರಿಗೆ ಅನ್ನಿಸಬಹುದು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ಕಡೆಯವರಿಗೆ ಹಾಗೆ ಅನ್ನಿಸಬೇಕಾಗಿಲ್ಲ. ಹೈದರಾಲಿ ಹುಟ್ಟಿದ ಊರೆಂದು ಬೂದಿಕೋಟೆಗೆ ಹೆಸರು. ಅವನ ಮಗ ಟಿಪ್ಪುವಿನ ಅರಮನೆಯಲ್ಲಿದ್ದ ಮರದ ಹುಲಿ ಲೋಕಪ್ರಸಿದ್ಧವಾದ ಯಂತ್ರದ ಗೊಂಬೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಡಲು ದಾಟಿದ ಆ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹುಲಿ ಒಬ್ಬ ಐರೋಪ್ಯನ ಮೇಲೆ ಬಿದ್ದಿದೆ. ಹಿಡಿಕೆ ತಿರುಗಿಸಿದರೆ ಹುಲಿಯ ಗರ್ಜನೆ, ಮನುಷ್ಯನ ನರಳಾಟ. ಅದರ ಮೈಯ ಪಟ್ಟೆಗಳನ್ನು ಅಳಿಸಿಬಿಟ್ಟರೆ ಏನು ಉಳಿಯುತ್ತದೆ? ಒಳಗಿನ ತಿದಿ, ಕೊಳವೆಗಳು ಹಾಗೆಯೇ ಇರುತ್ತವೆ, ಸದ್ದೂ ಬರುತ್ತದೆ. ಆದರೆ ಟಿಪ್ಪು ತನ್ನ ಸಿಂಹಾಸನದ ಮೇಲೂ ಸಿಪಾಯಿಗಳ ಉಡುಪಿನ ಮೇಲೂ ಮೂಡಿಸಿದ ಆ ಪಟ್ಟೆಯ ಅರ್ಥ ಹೋಗುತ್ತದೆ. ಬಣ್ಣ ಅಲ್ಲಿ ಅಲಂಕಾರವಲ್ಲ, ವಸ್ತುವೇ ಆಗಿದೆ.

ಈಗ ನಮ್ಮ ಆಟಿಕೆಗೆ ಬರೋಣ. ಟ್ರಾನ್ಸ್‌ಫಾರ್ಮರ್ಸ್ ಎಂಬ ರೂಪಾಂತರದ ಗೊಂಬೆಗಳನ್ನು ನಗರದ ಮನೆಗಳಲ್ಲಿ ಎಲ್ಲರೂ ಬಲ್ಲರು. ಕಾರೊಂದನ್ನು ಕೀಲು ಕೀಲಾಗಿ ಮಡಿಸಿ ಬಿಡಿಸಿದರೆ ಅದು ಮನುಷ್ಯಾಕಾರದ ಯಂತ್ರವಾಗುತ್ತದೆ. ಇವು ಅಮೆರಿಕದಲ್ಲಿ ಪ್ರಸಿದ್ಧವಾದರೂ ಅಚ್ಚುಗಳಲ್ಲಿ ಅನೇಕವು ಜಪಾನಿನವು. ಟಕಾರಾ ಎಂಬ ಸಂಸ್ಥೆ 1980ರಲ್ಲಿ ಆರಂಭಿಸಿದ ‘ಡಯಾಕ್ಲೋನ್’ ಮಾಲಿಕೆಯಿಂದ ಅಮೆರಿಕದ ಹ್ಯಾಸ್‌ಬ್ರೊ ಸಂಸ್ಥೆ ಅವನ್ನು ಎತ್ತಿಕೊಂಡು 1984ರಲ್ಲಿ ಹೊಸ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಜಪಾನಿನ ಮೂಲದಲ್ಲಿ ಅವು ಪುಟ್ಟ ಚಾಲಕನೊಬ್ಬ ಕುಳಿತು ನಡೆಸುವ ವಾಹನಗಳು ಮಾತ್ರ. ಅಮೆರಿಕದಲ್ಲಿ ಅವುಗಳಿಗೆ ಹೆಸರು, ಸ್ವಭಾವ, ಕುಲ, ವೈರ ಎಲ್ಲವೂ ಬಂದವು. ಮಾರ್ವೆಲ್ ಸಂಸ್ಥೆಯ ಬಾಬ್ ಬುಡಿಯಾನ್‌ಸ್ಕಿ ಎಂಬ ಲೇಖಕರು ಬಹುಪಾಲು ಪಾತ್ರಗಳಿಗೆ ನಾಮಕರಣ ಮಾಡಿ ಜಾತಕ ಬರೆದರು. ಮೈ ಅದೇ, ಪ್ರಾಣಪ್ರತಿಷ್ಠೆ ಹೊಸದು.

ಈ ಪ್ರಪಂಚದಲ್ಲಿ ಬಣ್ಣ ಬದಲಿಸುವುದು ಮೊದಲ ವರ್ಷದಿಂದಲೂ ನಡೆದುಬಂದ ಪದ್ಧತಿ. ಉಕ್ಕಿನಲ್ಲಿ ಅಚ್ಚು ಕೊರೆಯಿಸುವುದಕ್ಕೆ ಬಹಳ ಹಣ ಬೇಕು. ಒಮ್ಮೆ ಕೊರೆದ ಮೇಲೆ ಅದರಿಂದ ಎಷ್ಟು ಗೊಂಬೆ ತೆಗೆದರೆ ಅಷ್ಟು ಲಾಭ. ಆದುದರಿಂದ ಒಂದೇ ಯುದ್ಧವಿಮಾನದ ಅಚ್ಚಿನಿಂದ ಬೂದುಬಣ್ಣದ ಸ್ಟಾರ್‌ಸ್ಕ್ರೀಮ್, ನೀಲಿಯ ಥಂಡರ್‌ಕ್ರ್ಯಾಕರ್, ಕಪ್ಪಿನ ಸ್ಕೈವಾರ್ಪ್ ಎಂಬ ಮೂವರು ಹುಟ್ಟಿದರು. ಒಬ್ಬ ದ್ರೋಹಿ, ಒಬ್ಬ ಸಂಶಯಗ್ರಸ್ತ, ಒಬ್ಬ ಕಿಡಿಗೇಡಿ. ಕೀಲಿನಲ್ಲಿ ಎಳ್ಳಷ್ಟೂ ಭೇದವಿಲ್ಲ. ಮಕ್ಕಳು ಮೂವರನ್ನೂ ಬೇರೆ ಬೇರೆ ವ್ಯಕ್ತಿಗಳೆಂದೇ ಒಪ್ಪಿಕೊಂಡರು. ಯಕ್ಷಗಾನದ ಚೌಕಿಯಲ್ಲಿ ಒಬ್ಬನೇ ಕಲಾವಿದ ಮುಖವರ್ಣಿಕೆ ಬದಲಿಸಿ ಬೇರೊಬ್ಬನಾಗಿ ರಂಗಕ್ಕೆ ಬಂದಾಗ ನಾವು ಒಪ್ಪಿಕೊಳ್ಳುವುದಿಲ್ಲವೆ? ಇದೂ ಹಾಗೆಯೇ.

ನಾನು ವಿಮರ್ಶೆಗೆ ಆರಿಸಿಕೊಂಡಿರುವುದು ಇನ್ನೊಂದು ಗುಂಪನ್ನು. 1985ರಲ್ಲಿ ಬಂದ ‘ಕನ್‌ಸ್ಟ್ರಕ್ಟಿಕಾನ್’ಗಳು ಆರು: ಬುಲ್ಡೋಜರು, ಮಣ್ಣು ಅಗೆಯುವ ಯಂತ್ರ, ಲೋಡರು, ಕ್ರೇನು, ಟಿಪ್ಪರು, ಕಾಂಕ್ರೀಟ್ ಕಲಸುವ ಲಾರಿ. ಒಂದೊಂದೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಂದೊಂದೂ ಬೇರೆಯಾಗಿ ಮನುಷ್ಯಾಕಾರ ತಾಳಬಲ್ಲದು. ಆರೂ ಕೂಡಿದರೆ ‘ಡೆವಸ್ಟೇಟರ್’, ಎಂದರೆ ಹಾಳುಗೆಡಹುವವನು, ಎಂಬ ಒಬ್ಬ ದೈತ್ಯ. ಲೋಡರು ಬಲಗಾಲು, ಕಾಂಕ್ರೀಟ್ ಲಾರಿ ಎಡಗಾಲು, ಟಿಪ್ಪರು ಸೊಂಟ, ಕ್ರೇನು ಎದೆ ಮತ್ತು ತಲೆ, ಅಗೆಯುವ ಯಂತ್ರ ಬಲಗೈ, ಬುಲ್ಡೋಜರು ಎಡಗೈ. ಮೊದಲು ಬಂದಾಗ ಇವರ ಮೈ ಎಳೆಹುಲ್ಲಿನ ಹಸುರು, ನಡುನಡುವೆ ನೇರಳೆ. 1993ರಲ್ಲಿ ‘ಜನರೇಷನ್ ಟು’ ಎಂಬ ಎರಡನೆಯ ಪೀಳಿಗೆಯಲ್ಲಿ ಇದೇ ಅಚ್ಚಿನ ಗೊಂಬೆಗಳು ಹಳದಿಯಾಗಿ ಬಂದವು. ಕಿತ್ತಳೆ ಬಣ್ಣದಲ್ಲಿಯೂ ಬಂದವು. ಸಂಗ್ರಹಕಾರರಲ್ಲಿ ಹಸುರಿನ ಪಕ್ಷ ದೊಡ್ಡದು. ಹಳದಿಯನ್ನು ವ್ಯಾಪಾರದ ಗಿಮಿಕ್ಕೆಂದು ಬದಿಗೆ ಸರಿಸುವವರೇ ಹೆಚ್ಚು. ಈ ತೀರ್ಪು ಸರಿಯೆ?

ಮೊದಲು ರೂಪವನ್ನು ನೋಡೋಣ. ಬಿಡಿಯಾದ ಮನುಷ್ಯಾಕಾರಗಳು ಸೊಗಸಿನವಲ್ಲ. ಕೈಗಳು ಮೈಗೆ ಅಂಟಿಕೊಂಡಂತಿವೆ. ಮುಖಗಳು ತೀರ ಪುಟ್ಟವು. ದೈತ್ಯನನ್ನು ಕಟ್ಟಲು ಬೇಕಾದ ಮುಷ್ಟಿ, ಎದೆಯ ಕವಚ ಮೊದಲಾದ ತುಂಡುಗಳು ವಾಹನದ ಒಳಗೆ ಅಡಗುವುದಿಲ್ಲ. ಹೊರಗೆ ಉಳಿದು, ಮಂಚದ ಕೆಳಗೆ ಕಳೆದುಹೋಗುವುದೇ ಅವುಗಳ ಪ್ರಾರಬ್ಧ. ಆದರೆ ವಾಹನಗಳ ರೂಪ ಚೆನ್ನಾಗಿದೆ. ದೈತ್ಯನ ನಿಲುವಂತೂ ಭವ್ಯ. ಬಿಡಿಯಲ್ಲಿ ಬಡವಾಗಿ ಇಡಿಯಲ್ಲಿ ಸಿರಿವಂತವಾದ ಕೃತಿಗಳು ಸಾಹಿತ್ಯದಲ್ಲಿಯೂ ಉಂಟು. ಈ ಗುಣದೋಷಗಳೆಲ್ಲ ಅಚ್ಚಿನವು. ಹಸುರಿಗೂ ಹಳದಿಗೂ ಸಮಾನ.

ಇನ್ನು ಬಣ್ಣ. ‘ಮರುಬಣ್ಣ’ ಎಂದು ನಾವು ವಾಡಿಕೆಯಾಗಿ ಹೇಳಿದರೂ ಇಲ್ಲಿ ಯಾರೂ ಕುಂಚ ಹಿಡಿದು ಹಸುರಿನ ಮೇಲೆ ಹಳದಿ ಬಳಿದಿಲ್ಲ. ಪ್ಲಾಸ್ಟಿಕ್ಕನ್ನು ಕರಗಿಸುವಾಗಲೇ ಬಣ್ಣ ಬೆರೆಸಿ ಅಚ್ಚಿಗೆ ತುಂಬುತ್ತಾರೆ. ಕೆರೆದರೆ ಒಳಗೂ ಹಳದಿಯೇ. ನಮ್ಮ ಗೊಂಬೆಗಾರಿಕೆಯಲ್ಲಿಯೂ ಈ ಭೇದ ಸ್ಪಷ್ಟವಾಗಿದೆ. ಚನ್ನಪಟ್ಟಣದ ಕುಶಲಕರ್ಮಿ ಹಾಲೆಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಬಣ್ಣವೂ ಕಡೆತವೂ ಒಂದೇ ಕೆಲಸದ ಎರಡು ಮುಖ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಬೇರೆ ಕ್ರಮ: ಹಗುರವಾದ ಮರದ ಮೇಲೆ ಹುಣಿಸೆಬೀಜದ ಅಂಟಿನಿಂದ ಬಟ್ಟೆ ಕೂಡಿಸಿ, ನುಣುಪಾದ ಲೇಪ ಕೊಟ್ಟು, ಆಮೇಲೆ ಚಿತ್ರಗಾರರು ಬಣ್ಣ ಹಚ್ಚುತ್ತಾರೆ. ಅಲ್ಲಿ ಬಣ್ಣವೊಂದು ಉಡುಗೆ. ಮಾಸಿದರೆ ಮತ್ತೆ ಉಡಿಸಬಹುದು. ನವರಾತ್ರಿಗೆ ಪೆಟ್ಟಿಗೆಯಿಂದ ಇಳಿಸಿದ ಪಟ್ಟದ ಗೊಂಬೆಗೆ ಹೊಸ ಬಣ್ಣ ಕೊಡಿಸುವ ಮನೆಗಳು ಇಂದಿಗೂ ಇವೆ. ಅದನ್ನು ಯಾರೂ ಮೋಸವೆನ್ನುವುದಿಲ್ಲ. ಹಳದಿ ದೈತ್ಯ ಈ ದೃಷ್ಟಿಯಿಂದ ಚನ್ನಪಟ್ಟಣದ ಕುಲಕ್ಕೆ ಸೇರಿದವನು. ಅವನು ವೇಷ ಬದಲಿಸಿದ ಹಸುರನಲ್ಲ, ಹುಟ್ಟಿನಿಂದಲೇ ಹಳದಿ.

ಸಂಗ್ರಹಕಾರನಿಗೆ ನಿಜವಾಗಿ ಭಯವಿರಬೇಕಾದುದು ಬೇರೆ ಕಡೆ. ಹಳೆಯ ಗೊಂಬೆಗೆ ಮನೆಯಲ್ಲಿ ಬಣ್ಣ ಹೊಡೆದು, ಅಪರೂಪದ ಪ್ರತಿಯೆಂದು ಹೇಳಿ ಮಾರುವವರಿದ್ದಾರೆ. ಅಂಥಲ್ಲಿ ಕೀಲಿನ ಸಂದುಗಳನ್ನು ನೋಡಬೇಕು; ಮಡಿಸಿ ಬಿಡಿಸುವಾಗ ಉಜ್ಜುವ ಜಾಗದಲ್ಲಿ ಮೇಲಿನ ಬಣ್ಣ ಸವೆದು ಹಳೆಯ ಮೈ ಇಣುಕುತ್ತದೆ. ‘ಬಣ್ಣ ಬಯಲಾಗುವುದು’ ಎಂಬ ನುಡಿಗಟ್ಟು ಅಕ್ಷರಶಃ ನಿಜವಾಗುವ ಸ್ಥಳ ಅದು. ಚಿನ್ನದ ಬಣ್ಣದ ಪ್ಲಾಸ್ಟಿಕ್ಕಿನ ವಿಷಯದಲ್ಲಿಯೂ ಎಚ್ಚರ ಬೇಕು. ಲೋಹದಂತೆ ಹೊಳೆಯಲೆಂದು ಚೂರು ಬೆರೆಸಿದ ಆ ಕಾಲದ ಕೆಲವು ಗೊಂಬೆಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಇದ್ದಲ್ಲಿಯೇ ಬಿರುಕುಬಿಟ್ಟು ಪುಡಿಯಾಗುತ್ತವೆ. ಚಿನ್ನದ ಗಣಿಯ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ.

ಹಾಗಾದರೆ ಹಳದಿ ಗೊಂಬೆ ಹೊಸ ಕೃತಿಯೆ? ಈ ಪ್ರಶ್ನೆಗೆ ಪಂಪನಿಗಿಂತ ಒಳ್ಳೆಯ ಸಾಕ್ಷಿ ನಮಗೆ ಸಿಗಲಾರದು. ವ್ಯಾಸರ ಅಚ್ಚನ್ನು ತೆಗೆದುಕೊಂಡು, ಅರ್ಜುನನ ಮೈಗೆ ಅರಿಕೇಸರಿಯ ಬಣ್ಣವನ್ನು ಬೆರೆಸಿ ಅವನು ವಿಕ್ರಮಾರ್ಜುನ ವಿಜಯವನ್ನು ಎರಕ ಹೊಯ್ದನು. ಆದರೆ ಬಣ್ಣ ಬದಲಿಸಿ ಸುಮ್ಮನಾಗಲಿಲ್ಲ. ಬಣ್ಣಕ್ಕೆ ತಕ್ಕಂತೆ ಕೀಲುಗಳನ್ನೂ ತಿದ್ದಿದನು: ದ್ರೌಪದಿ ಅವನಲ್ಲಿ ಅರ್ಜುನನೊಬ್ಬನ ಹೆಂಡತಿ; ಕೊನೆಗೆ ಪಟ್ಟ ಕಟ್ಟಿಸಿಕೊಳ್ಳುವವನೂ ಅರ್ಜುನನೇ, ಪಕ್ಕದಲ್ಲಿ ಸುಭದ್ರೆ. ಕೆಲವೆಡೆ ಹಳೆಯ ಕೀಲು ಹೊಸ ಬಣ್ಣಕ್ಕೆ ಒಗ್ಗದೆ ಕಿರುಗುಟ್ಟುವುದೂ ಉಂಟು. ಆ ಕಿರುಗುಟ್ಟುವಿಕೆಯೇ ಪಂಪ ನಿಜವಾದ ಸಾಹಸಕ್ಕೆ ಕೈಹಾಕಿದನೆಂಬುದಕ್ಕೆ ಗುರುತು. ಈ ಒರೆಗಲ್ಲಿಗೆ ಹಚ್ಚಿದರೆ ಹಳದಿ ದೈತ್ಯನ ತಯಾರಕರಿಗೆ ದೊಡ್ಡ ಮನ್ನಣೆ ಸಲ್ಲುವುದಿಲ್ಲ. ಅವರು ಕೀಲನ್ನು ತಿದ್ದಲಿಲ್ಲ. ಅವರ ಮನಸ್ಸಿನಲ್ಲಿ ಇದ್ದುದು ಅಂಗಡಿಯ ಸಾಲಿನಲ್ಲಿ ಕಣ್ಣಿಗೆ ಹೊಡೆಯಬೇಕೆಂಬ ಆಸೆ. ಎರಡನೆಯ ಪೀಳಿಗೆಯ ಗೊಂಬೆಗಳೆಲ್ಲ ಗಾಢವಾದ, ಅರಚುವ ಬಣ್ಣಗಳಿಗೆ ಹೆಸರಾದವು.

ಆದರೆ ಕೃತಿಯ ಅರ್ಥ ಕರ್ತೃವಿನ ಉದ್ದೇಶದಲ್ಲಿ ಮುಗಿಯುವುದಿಲ್ಲ. ಅದು ಯಾವ ಊರಿನಲ್ಲಿ, ಯಾರ ಕೈಯಲ್ಲಿ ತೆರೆದುಕೊಳ್ಳುತ್ತದೆ ಎಂಬುದೂ ಮುಖ್ಯ. ಕ್ಷೇಮೇಂದ್ರ ಹೇಳುವ ಔಚಿತ್ಯವನ್ನು ಇಲ್ಲಿ ನೆನೆಯಬೇಕು. ಹಸುರು, ನೇರಳೆಗಳ ದೈತ್ಯ ಕಥೆಯೊಳಗೆ ಉಚಿತ. ಅವನು ಬೇರೆ ಗ್ರಹದವನು. ಬಣ್ಣವನ್ನು ನೋಡಿದೊಡನೆ ರಾಕ್ಷಸನೆಂದು ಗೊತ್ತಾಗುತ್ತದೆ. ಅಂಥ ಹಸುರು ಬುಲ್ಡೋಜರನ್ನು ನಮ್ಮ ರಸ್ತೆಯಲ್ಲಿ ಕಂಡವರಿಲ್ಲ. ಆದುದರಿಂದ ಹೆದರಿಕೆಯೂ ಸುಖವಾದ, ದೂರದ ಹೆದರಿಕೆ.

ಹಳದಿ ಹಾಗಲ್ಲ. ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ ಅದು ಮನೆಯ ಬಣ್ಣ. 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯ ಕೆ.ಜಿ.ಎಫ್. ಕಾರ್ಖಾನೆಗಳಲ್ಲಿ ತಯಾರಾಗುವುದು ಬುಲ್ಡೋಜರು, ಅಗೆಯುವ ಯಂತ್ರ ಮೊದಲಾದ ಇಂಥ ಹಳದಿ ಯಂತ್ರಗಳೇ. ಒಂದು ಶತಮಾನಕ್ಕೂ ಮೀರಿ ನಡೆದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿಯಿಂದ ತೆಗೆದು ಸುರಿದ ಸಯನೈಡ್ ಮಣ್ಣಿನ ದಿಬ್ಬಗಳು ಊರಿನ ಪಕ್ಕದಲ್ಲಿ ಉಳಿದುಕೊಂಡವು. ಅತ್ತ ಅಗೆಯುವ ಕೆಲಸ ನಿಂತಿತು. ಇತ್ತ ಅಗೆಯುವ ಯಂತ್ರ ಮಾಡುವ ಕೆಲಸ ಉಳಿಯಿತು. ಇನ್ನು ಹಳ್ಳಿಗಳಲ್ಲಿ ಯಾವ ಸಂಸ್ಥೆಯದಾದರೂ ಸರಿ, ಮಣ್ಣು ತೋಡುವ ಹಳದಿ ಯಂತ್ರಕ್ಕೆ ‘ಜೆಸಿಬಿ’ ಎಂದೇ ಹೆಸರು. ಅದು ಬಂದರೆ ಮಕ್ಕಳು ಓಡಿಬಂದು ಸುತ್ತ ನಿಲ್ಲುತ್ತಾರೆ, ದೊಡ್ಡವರೂ ನಿಲ್ಲುತ್ತಾರೆ.

ಕೋಲಾರ ಜಿಲ್ಲೆ ಕೆರೆಗಳ ನಾಡು. ತುಂಬಿ ಹರಿಯುವ ದೊಡ್ಡ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಮಳೆಯ ನೀರನ್ನು ಕಟ್ಟೆ ಹಾಕಿ ನಿಲ್ಲಿಸಿಯೇ ಬಾಳಿದರು. ಹೂಳು ತುಂಬಿದ ಕೆರೆಗೆ ಇಂದು ಹಳದಿ ಯಂತ್ರ ಇಳಿದರೆ ಊರಿನವರಿಗೆ ಹಬ್ಬ. ಮೇಲೆ ಬಂದ ಗೋಡನ್ನು ಹೊಲಕ್ಕೆ ಹೊತ್ತೊಯ್ಯುತ್ತಾರೆ. ಅದೇ ಯಂತ್ರ ಇನ್ನೊಂದು ದಿನ ಕೆರೆಯಂಗಳವನ್ನು ಮಟ್ಟ ಮಾಡಿ ಬಡಾವಣೆಯ ಕಲ್ಲು ನೆಡುವುದಕ್ಕೂ ಬರಬಲ್ಲದು. ಗುಂಡುತೋಪನ್ನು ಬೋಳಾಗಿಸಬಲ್ಲದು, ಬಂಡೆಬೆಟ್ಟವನ್ನು ಕರಗಿಸಬಲ್ಲದು. ಯಂತ್ರದ ಬಣ್ಣ ಬದಲಾಗಿರುವುದಿಲ್ಲ, ಕೀಲೂ ಬದಲಾಗಿರುವುದಿಲ್ಲ. ಬದಲಾಗಿರುವುದು ಅದನ್ನು ಕರೆಸಿದವನ ಮನಸ್ಸು. ಕಟ್ಟುವ ಆರು ಯಂತ್ರಗಳೇ ಕೂಡಿ ಕೆಡಹುವ ದೈತ್ಯನಾಗುತ್ತವೆಂಬ ಈ ಆಟಿಕೆಯ ಕಲ್ಪನೆ ಹಸುರಿನಲ್ಲಿ ಒಂದು ಕಟ್ಟುಕಥೆ. ಹಳದಿಯಲ್ಲಿ ಅದು ನಮ್ಮ ತಾಲ್ಲೂಕಿನ ವರದಿ.

ಆದುದರಿಂದಲೇ ಹಳದಿಯ ಪರವಾಗಿ ಮಾತನಾಡಬೇಕೆಂದು ನನಗೆ ಅನ್ನಿಸಿದುದು. ಕಥೆಗೆ ನಿಷ್ಠವಾದ ಪ್ರತಿ ಬೇಕೆನ್ನುವವರು ಹಸುರನ್ನೇ ಕೊಳ್ಳಲಿ. ಅದು ಮೊದಲನೆಯದು, ಆ ಹಿರಿತನವನ್ನು ಯಾರೂ ಕಸಿಯುವಂತಿಲ್ಲ. ಮೈಯ ಒಗ್ಗಟ್ಟಿನ ದೃಷ್ಟಿಯಿಂದಲೂ ಹಸುರಿಗೆ ಕೊರತೆಯಿಲ್ಲ. ಆರೂ ಒಂದೇ ಬಣ್ಣವಾದುದರಿಂದ ಕೂಡಿದಾಗ ಒಂದೇ ದೇಹವಾಗಿ ಕಾಣುತ್ತವೆ. ಹಳದಿಯೂ ಈ ಗುಣವನ್ನು ಕಾಪಾಡಿಕೊಂಡಿದೆ. ಅದರ ಮೇಲೆ ಲೋಕದ ಸಾಕ್ಷಿಯನ್ನೂ ಸೇರಿಸಿಕೊಂಡಿದೆ. ಬಣ್ಣ ಬದಲಿಸಿದವರು ಕೀಲು ತಿದ್ದದ ಕಾರಣ ಅವರನ್ನು ಪಂಪನ ಪಂಕ್ತಿಯಲ್ಲಿ ಕೂರಿಸಲಾರೆವು. ಆದರೆ ಅರಿಯದೆ ಹಾಕಿದ ಬಣ್ಣವೊಂದು ಅಡಗಿದ್ದ ಅರ್ಥವನ್ನು ಹೊರಗೆಳೆದರೆ, ವಿಮರ್ಶಕನು ಅದನ್ನು ಕಂಡು ಹೇಳುವುದು ಕರ್ತವ್ಯ.

ಎರಡನ್ನೂ ಪಡೆಯಲು ಶಕ್ತಿಯುಳ್ಳವರು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಮನೆಯ ಮಕ್ಕಳಿಗೆ ತೋರಿಸಲಿ. ಹಸುರನನ್ನು ಕಂಡ ಮಗು, ಇವನು ಯಾವ ಲೋಕದವನೆಂದು ಕೇಳುತ್ತದೆ. ಹಳದಿಯವನನ್ನು ಕಂಡರೆ, ಜೆಸಿಬಿ ಹೀಗೂ ಆಗುತ್ತದೆಯೆ ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ದೊಡ್ಡವರಿಗೆ ಸುಲಭವಲ್ಲ. ಆದರೆ ಕೋಲಾರದ ಕೆರೆಗಳ ದಡದಲ್ಲಿ ಬೆಳೆಯುವ ಮಕ್ಕಳು ಕೇಳಬೇಕಾದ ಪ್ರಶ್ನೆ ಅದೇ.