ಕಂಪೈಲರಿನ ಎಚ್ಚರಿಕೆ: ಒಂದು ವಾಕ್ಯದ ವಿಮರ್ಶೆ

ಜಾವಾ ಭಾಷೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗೆ ಕಂಪೈಲರು ಆಗಾಗ್ಗೆ ಒಂದು ವಾಕ್ಯವನ್ನು ನುಡಿಯುವುದುಂಟು: ಈ ಕಡತವು ಪರಿಶೀಲಿತವಲ್ಲದ ಅಥವಾ ಸುರಕ್ಷಿತವಲ್ಲದ ಕ್ರಿಯೆಗಳನ್ನು ಬಳಸುತ್ತದೆ. ಇಲ್ಲಿಯ ‘ಅಥವಾ’ ಎಂಬ ಅವ್ಯಯವು ಎರಡು ಭಿನ್ನ ಸಂಗತಿಗಳನ್ನು ಒಂದೇ ನೊಗಕ್ಕೆ ಹೂಡಿದೆ. ಪರಿಶೀಲಿಸಲಾಗದಿರುವುದು ಪರೀಕ್ಷಕನ ಮಿತಿ. ಸುರಕ್ಷಿತವಲ್ಲದಿರುವುದು ಕೃತಿಯ ದೋಷ. ಕಂಪೈಲರು ಹೇಳಬಲ್ಲದ್ದು ಮೊದಲನೆಯದನ್ನು ಮಾತ್ರ. ವಿದ್ಯಾರ್ಥಿಯಾದರೋ ಎರಡನೆಯದನ್ನು ಓದಿ ಬೆದರುತ್ತಾನೆ, ಇಲ್ಲವೆ ಏನನ್ನೂ ಓದದೆ ಮುಂದುವರಿಯುತ್ತಾನೆ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಬಲ್ಲವರಿಗೆ ವಿಷಯವು ಬೇಗ ಮನಗಾಣುವಂತಹುದು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತರು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಒಣಗಿಸಿದ ಉಂಡೆ ಕೊಬ್ಬರಿ ಅಲ್ಲಿಗೆ ಚೀಲಗಳಲ್ಲಿ ಬರುತ್ತದೆ. ಚೀಲಕ್ಕೆ ‘ಉಂಡೆ ಕೊಬ್ಬರಿ’ ಎಂಬ ಚೀಟಿ ಕಟ್ಟಿದೆಯೆಂದು ಭಾವಿಸೋಣ. ತುಂಬುವಾಗಲೇ ಹಸಿಕಾಯಿಯನ್ನು ತಡೆಯಬಹುದು. ‘ಲಿಸ್ಟ್’ ಎಂಬ ಸಂಗ್ರಹದ ಮುಂದೆ ಕೋನಾವರಣದಲ್ಲಿ ‘ಸ್ಟ್ರಿಂಗ್’ ಎಂದು ಬರೆಯುವುದು ಇಂತಹ ಚೀಟಿಯೇ. ಅದೇ ಚೀಲವನ್ನು ಚೀಟಿಯಿಲ್ಲದ ಹೆಸರಿನಿಂದ ಕರೆದು ಅದರೊಳಕ್ಕೆ ಒಂದು ಸಂಖ್ಯೆಯನ್ನು ಹಾಕಿದರೆ ಕಂಪೈಲರು ತಡೆಯದು, ಗೊಣಗುತ್ತದೆ ಅಷ್ಟೆ. ಕಂಪೈಲಾದ ಬಳಿಕ ಚೀಟಿಯೂ ಅಳಿಸಿಹೋಗುವುದರಿಂದ ಕ್ರಮವಿಧಿ ನಡೆಯುವಾಗಲೂ ಆ ಸಂಖ್ಯೆ ಸದ್ದಿಲ್ಲದೆ ಒಳಸೇರುತ್ತದೆ. ಸ್ಟ್ರಿಂಗ್ ಎಂದು ನಂಬಿ ಅದನ್ನು ಹೊರತೆಗೆದಾಗ ಮಾತ್ರ ‘ಕ್ಲಾಸ್‌ಕಾಸ್ಟ್ ಎಕ್ಸೆಪ್ಷನ್’ ಎದ್ದುನಿಲ್ಲುತ್ತದೆ. ದಂಡ ತೆರುವವನು ಚೀಲ ಬಿಚ್ಚಿದವನು, ತುಂಬಿದವನಲ್ಲ.

ಈ ಸೌಮ್ಯತೆಗೆ ಚಾರಿತ್ರಿಕ ಕಾರಣವುಂಟು. ಜೆನೆರಿಕ್ ಪ್ರಕಾರಗಳು ಜಾವಾವನ್ನು ಸೇರಿದ್ದು 2004ರಲ್ಲಿ, ಐದನೆಯ ಆವೃತ್ತಿಯೊಡನೆ. 1996ರಿಂದ ಬರೆದಿಟ್ಟ ಹಳೆಯ ಕ್ರಮವಿಧಿಗಳೂ ಹೊಸವುಗಳೊಡನೆ ಕೂಡಿ ನಡೆಯಬೇಕಾಗಿದ್ದಿತು. ಆದುದರಿಂದ ಬ್ರಾಖಾ, ಓಡರ್ಸ್ಕಿ, ಸ್ಟೌಟಮೈರ್, ವಾಡ್ಲರ್ ಇವರು 1998ರಲ್ಲಿ ಮಂಡಿಸಿದ್ದ ಅಳಿಸುವ ಮಾರ್ಗವೇ ಆಧಾರವಾಯಿತು. ಸಿ ಶಾರ್ಪ್ ಭಾಷೆ 2005ರಲ್ಲಿ ಚೀಟಿಯನ್ನು ಕೊನೆಯವರೆಗೂ ಉಳಿಸಿಕೊಂಡಿತು. ಆದರೆ ಹಳೆಯ ಸಂಗ್ರಹಗಳ ಪಕ್ಕದಲ್ಲಿ ಹೊಸವನ್ನು ಬೇರೆಯಾಗಿಯೇ ಕಟ್ಟಬೇಕಾಯಿತು. ಜಾವಾದ ಆಯ್ಕೆ ಅವಿವೇಕವೆನ್ನಲು ನಮಗೆ ಮನಸ್ಸಿಲ್ಲ. ಅವಿವೇಕವಿರುವುದು ವಾಕ್ಯದಲ್ಲಿ: ಅದು ಸಾಲಿನ ಸಂಖ್ಯೆಯನ್ನೂ ಹೇಳದು, ‘ಎಕ್ಸ್‌ಲಿಂಟ್’ ಎಂಬ ಆಯ್ಕೆಯೊಡನೆ ಮತ್ತೆ ಕಂಪೈಲ್ ಮಾಡಬೇಕು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಆ ಆಯ್ಕೆಯನ್ನು ಮೊದಲ ದಿನವೇ ಕಲಿಸುವುದು ಯುಕ್ತ.

ಎಚ್ಚರಿಕೆಯನ್ನು ಅಡಗಿಸುವ ‘ಸಪ್ರೆಸ್‌ವಾರ್ನಿಂಗ್ಸ್’ ಎಂಬ ಗುರುತನ್ನು ಇಡೀ ವರ್ಗದ ನೆತ್ತಿಗೆ ಅಂಟಿಸುವ ರೂಢಿಯೊಂದಿದೆ. ಅದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಗುರುತೇ ತಪ್ಪೆಂದಲ್ಲ. ಜಾವಾದ ಸ್ವಂತ ‘ಅರೇಲಿಸ್ಟ್’ ಕೂಡ ಅದನ್ನು ಬಳಸಿದೆ, ಆದರೆ ಒಂದು ಅಂಶವನ್ನು ಹೊರತೆಗೆದುಕೊಡುವ ಒಂದೇ ಸಾಲಿನ ಸಣ್ಣ ವಿಧಾನದ ಮೇಲೆ. ಒಳಗೆ ಸೇರಿಸುವ ದಾರಿಗಳನ್ನೆಲ್ಲ ಅದೇ ವರ್ಗವು ಕಾಯುವುದರಿಂದ, ಕಂಪೈಲರಿಗೆ ಕಾಣದ ಪ್ರಮಾಣವು ಅದನ್ನು ಬರೆದವರ ಕೈಯಲ್ಲಿದ್ದಿತು.